ಆರು ನಿಮಿಷದ ಬಾಣಬಿರುಸಿಗೆ ಎರಡು ತಿಂಗಳ ಲೆಕ್ಕ

ನಮ್ಮ ಸೋದರಮಾವ ಕೋಲಾರದ ಸುತ್ತಮುತ್ತ ಜಾತ್ರೆಗಳಿಗೆ ಬಾಣಬಿರುಸು ಹಾರಿಸುವವರು. ಲೈಸೆನ್ಸ್ ಅವರ ಹೆಸರಲ್ಲಿದೆ. ಮದ್ದು ಮುಟ್ಟುವುದು ಅವರು ಮತ್ತು ಅವರ ಇಬ್ಬರು ಹುಡುಗರು ಮಾತ್ರ. ನನ್ನದು ಸೌಂಡು, ಲೈಟು, ವೈರಿಂಗ್ ಕೆಲಸ. 2019ರಲ್ಲಿ ಅದರ ಜೊತೆ ಇನ್ನೊಂದು ಸೇರಿಕೊಂಡಿತು: ಯಾವ ಶೆಲ್ಲು (ಮೇಲೆ ಹೋಗಿ ಒಡೆದು ಅರಳುವ ಮದ್ದಿನ ಉಂಡೆ) ಯಾವ ಸೆಕೆಂಡಿಗೆ ಅರಳಬೇಕು ಅನ್ನುವುದನ್ನು ಮೊದಲೇ ಕಂಪ್ಯೂಟರಿನಲ್ಲಿ ಹಾರಿಸಿ ನೋಡುವುದು.

ಮೊದಲು ಹಿಡಿದ ಸಾಫ್ಟ್‌ವೇರ್ ಎಫ್‌ಡಬ್ಲ್ಯೂಸಿಮ್, ಆಮೇಲೆ ಫಿನಾಲೆ ತ್ರೀಡಿ. ಎರಡರಲ್ಲೂ ಮೂಲ ಕೆಲಸ ಒಂದೇ. ಒಂದು ಕಡೆ ಹಾಡು ಉದ್ದಕ್ಕೆ ಹಾಸಿಕೊಂಡಿರುತ್ತದೆ, ಇನ್ನೊಂದು ಕಡೆ ಕಪ್ಪು ಆಕಾಶ. ಹಾಡಿನ ಯಾವ ಜಾಗದಲ್ಲಿ ಏನು ಅರಳಬೇಕೋ ಅದನ್ನು ಅಲ್ಲಿ ಇಡಬೇಕು. ಶೆಲ್ಲು ಪೈಪಿನಿಂದ ಹೊರಟು ಮೇಲೆ ಹೋಗಿ ಒಡೆಯುವುದಕ್ಕೆ ಹೊತ್ತು ಹಿಡಿಯುತ್ತದಲ್ವಾ, ಅಷ್ಟು ಮುಂಚೆಯೇ ಕಿಡಿ ಕೊಡುವ ಲೆಕ್ಕವನ್ನು ಸಾಫ್ಟ್‌ವೇರ್ ತಾನೇ ಹಾಕಿಕೊಳ್ಳುತ್ತದೆ.

ಆ ಲೆಕ್ಕ ನಿಂತಿರುವುದು ಒಂದು ಅಂಕಿಯ ಮೇಲೆ: ಹೊರಟ ಶೆಲ್ಲು ಒಡೆಯುವುದಕ್ಕೆ ಎಷ್ಟು ಸೆಕೆಂಡು. ಮೊದಲ ಸಲ ಒಂದು ಮದುವೆಗೆ ಮಾಡಿದಾಗ ನಾನು ಸಾಫ್ಟ್‌ವೇರ್ ಜೊತೆ ಬಂದ ಅಂಕಿಯನ್ನೇ ನಂಬಿದೆ. ಪರದೆಯ ಮೇಲೆ ತಾಳಕ್ಕೆ ಸರಿಯಾಗಿ ಅರಳಿದ್ದು ಆಕಾಶದಲ್ಲಿ ಅರ್ಧ ಸೆಕೆಂಡು ತಡವಾಗಿ ಅರಳಿತು. ಒಂದಲ್ಲ, ಹೆಚ್ಚುಕಡಿಮೆ ಎಲ್ಲವೂ. ಬಂದವರಿಗೆ ಗೊತ್ತಾಗಲಿಲ್ಲವೇನೋ, ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಅದಾದ ಮೇಲೆ ಮಾವನ ಹತ್ತಿರ ಹೋಗಿ ಕೇಳಿದೆ, ನೀವು ಹಾರಿಸುವ ಪ್ರತಿ ಬಗೆಯಲ್ಲೂ ಮೂರು ಮೂರು ನನಗೆ ಬೇಕು ಅಂತ. "ಸುಮ್ನೆ ಹಾರಿಸೋದಕ್ಕಾ? ಒಂದೊಂದಕ್ಕೂ ಎಷ್ಟು ದುಡ್ಡು ಗೊತ್ತೇನಪ್ಪಾ?" ಅಂದರು. ಕೊನೆಗೆ ಅರ್ಧ ಖರ್ಚು ನಾನು ಕೊಡುತ್ತೇನೆ ಅಂದ ಮೇಲೆ ಒಪ್ಪಿದರು. ಅವರ ಬೀಳು ಹೊಲದಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದೊಂದನ್ನೂ ವಿಡಿಯೊ ಮಾಡಿದೆವು. ಸೆಕೆಂಡಿಗೆ 30 ಫ್ರೇಮು. ಪೈಪಿನ ಬಾಯಲ್ಲಿ ಬೆಂಕಿ ಕಂಡ ಫ್ರೇಮಿನಿಂದ ಒಡೆದ ಫ್ರೇಮಿನವರೆಗೆ ಎಣಿಸುವುದು. 84 ಫ್ರೇಮು ಅಂದರೆ 2.8 ಸೆಕೆಂಡು. ಒಂದೇ ಪೆಟ್ಟಿಗೆಯ ಮೂರು ಇಂಚಿನ ಮೂರು ಶೆಲ್ಲುಗಳಲ್ಲಿ ಒಂದು 2.6, ಒಂದು 2.8, ಇನ್ನೊಂದು 3.1 ಬಂತು! ಕೈಯಲ್ಲಿ ಕಟ್ಟುವ ಶೆಲ್ಲು, ಒಳಗಿನ ಬತ್ತಿ ಉರಿಯುವ ವೇಗದಲ್ಲಿ ಇಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಅವತ್ತಿನಿಂದ ನನ್ನ ಡಿಸೈನೇ ಬದಲಾಯಿತು. ಅರ್ಧ ಸೆಕೆಂಡು ಆಚೆ ಈಚೆ ಆಗುವ ಶೆಲ್ಲನ್ನು ತಾಳದ ಏಟಿಗೆ ಕಟ್ಟುವುದೇ ತಪ್ಪು. ಏಟಿಗೆ ಬೇಕಾದದ್ದು ಮೈನ್ ಮತ್ತು ಕಾಮೆಟ್. ಮೈನ್ ಅಂದರೆ ಪೈಪಿನ ಬಾಯಿಂದಲೇ ಹೂಕುಂಡದ ಹಾಗೆ ಒಮ್ಮೆಲೇ ಚಿಮ್ಮುವುದು, ಕಾಮೆಟ್ ಬಾಲ ಬಿಟ್ಟುಕೊಂಡು ಮೇಲೇರುವುದು. ಕಿಡಿ ಕೊಟ್ಟ ಗಳಿಗೆಯಲ್ಲೇ ಕಾಣುತ್ತವೆ. ಶೆಲ್ಲುಗಳನ್ನು ಉದ್ದನೆಯ ಸ್ವರಗಳಿಗೆ ಬಿಟ್ಟೆ. ಅಲ್ಲಿ ಒಂದು ಚೂರು ಮುಂದೆ ಹಿಂದೆ ಆದರೂ ಕಣ್ಣು ಒಪ್ಪಿಕೊಳ್ಳುತ್ತದೆ.

ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬಂದದ್ದು 2020ರ ಫೆಬ್ರವರಿಯಲ್ಲಿ, ನರಸಾಪುರದ ಕಡೆಯ ಒಂದು ಊರಿನಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹರಿಯಲು ಶುರುವಾದ ಮೇಲೆ ಆ ಊರಿನ ಕೆರೆಯೂ ತುಂಬಿತ್ತು. ಎಷ್ಟೋ ವರ್ಷದ ಮೇಲೆ ತೆಪ್ಪೋತ್ಸವ. ಕೆರೆ ಆಚೆ ದಡದಲ್ಲಿ ಬಾಣಬಿರುಸು, ಏರಿಯ ಮೇಲೆ ಜನ.

ಸ್ಯಾಟಲೈಟ್ ಚಿತ್ರ ತೆಗೆದು ಪೈಪುಗಳ ಜಾಗ ಗುರುತು ಮಾಡಿದೆ. ಅಮೆರಿಕದ ಎನ್‌ಎಫ್‌ಪಿಎ (ಬೆಂಕಿ ಅನಾಹುತ ತಡೆಯುವ ಸಂಸ್ಥೆ) ನಿಯಮದಲ್ಲಿ ಪೈಪಿನ ಬಾಯಿಯ ಅಗಲದ ಒಂದೊಂದು ಇಂಚಿಗೆ 70 ಅಡಿ ದೂರ ಬಿಡಬೇಕು ಅನ್ನುವ ಲೆಕ್ಕ ಇದೆ. ನಮ್ಮದರಲ್ಲಿ ದೊಡ್ಡದು ನಾಲ್ಕು ಇಂಚು, ಅಂದರೆ 280 ಅಡಿ, ಸುಮಾರು 85 ಮೀಟರು. ಆ ಸುತ್ತು ಎಳೆದಾಗ ಚಿತ್ರದಲ್ಲಿ ಒಳಗೆ ಏನೂ ಇರಲಿಲ್ಲ. ಜಾಗಕ್ಕೆ ಹೋಗಿ ನೋಡಿದರೆ ರಾಗಿ ಹುಲ್ಲಿನ ಬಣವೆ! ಚಿತ್ರ ಯಾವ ಕಾಲದ್ದೋ, ಬಣವೆ ಒಕ್ಕಣೆ ಆದ ಮೇಲೆ ಹಾಕಿದ್ದು. "ನಮ್ಮ ನಾಲ್ಕು ಹಸುವಿಗೆ ವರ್ಷದ ಮೇವು ಕಣಪ್ಪಾ ಅದು" ಅಂದರು ಆ ಮನೆಯ ಅಕ್ಕ. ಪೈಪುಗಳನ್ನೆಲ್ಲ 40 ಮೀಟರು ಪಕ್ಕಕ್ಕೆ ಸರಿಸಿದೆ. ಸಾಫ್ಟ್‌ವೇರಿನ ಕ್ಯಾಮೆರಾ ಕೋನ, ಓರೆ ಪೈಪುಗಳ ಡಿಗ್ರಿ ಎಲ್ಲವನ್ನೂ ಮತ್ತೆ ಹಾಕಬೇಕಾಯಿತು, ಮೂರು ರಾತ್ರಿ ಹೋಯಿತು. ಒಂದು ಕಿಡಿ ಬಿದ್ದು ಆ ಬಣವೆ ಹೋಗಿದ್ದರೆ ಯಾವ ಚಪ್ಪಾಳೆ ತೆಗೆದುಕೊಂಡು ಏನು ಮಾಡುವುದು? 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಅಂಗಡಿ ಬೆಂಕಿಯಲ್ಲಿ ಹತ್ತಕ್ಕೂ ಜಾಸ್ತಿ ಜನ ಹೋದರು. ಅದಾದ ಮೇಲೆ ಮದುವೆ, ಮೆರವಣಿಗೆಯ ಕೆಲಸಕ್ಕೆ ನಾವು ಹೋಗುವುದೇ ಇಲ್ಲ.

ಇನ್ನೊಂದು, ಕ್ಯಾಮೆರಾ ಎಲ್ಲಿದೆ ಅನ್ನುವುದು. ಸಾಫ್ಟ್‌ವೇರಿನಲ್ಲಿ ಎಲ್ಲಿ ಬೇಕಾದರೂ ನಿಂತು ನೋಡಬಹುದು, ಮೇಲಿಂದ ನೋಡಿದರೆ ಎಲ್ಲವೂ ಚೆಂದವೇ. ನಾನು ಕ್ಯಾಮೆರಾವನ್ನು ಏರಿಯ ಮೇಲೆ ನೆಲದಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿದೆ. ಏರಿಯ ಎಡತುದಿಯಲ್ಲಿ ಕೂರುವವರಿಗೆ ಒಂದು ಹುಣಸೆ ಮರ ಅಡ್ಡ. ಮರವನ್ನೂ ಒಂದು ಕಪ್ಪು ಡಬ್ಬದ ಹಾಗೆ ಮಾಡಿ ಒಳಗೆ ಇಟ್ಟೆ. ನೋಡಿದರೆ ಮೈನ್‌ಗಳಲ್ಲಿ ಅರ್ಧ ಅವರಿಗೆ ಕಾಣುವುದೇ ಇಲ್ಲ. ಹಾಗಾಗಿ ಮೈನ್ ಸಾಲನ್ನು ಬಲಕ್ಕೆ ಉದ್ದ ಮಾಡಿದೆ.

ಬಣ್ಣದಲ್ಲೂ ಪರದೆಯ ಮಾತು ಕೇಳಬಾರದು. ಪರದೆಯಲ್ಲಿ ಹಸಿರು ಒಂದು ಕ್ಲಿಕ್ಕು. ನಿಜದಲ್ಲಿ ಹಸಿರು ಬರುವುದು ಬೇರಿಯಂನಿಂದ, ಅದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಬೇಡ ಅಂದಿದೆ. ಹಸಿರನ್ನೆಲ್ಲ ನನ್ನ ಪಟ್ಟಿಯಿಂದ ತೆಗೆದೆ. ಸ್ಟ್ರಾನ್ಷಿಯಂನ ಕೆಂಪು, ಇದ್ದಿಲಿನ ಬಂಗಾರದ ಬಣ್ಣ, ಬೆಳ್ಳಿ ಬಿಳುಪು, ಇಷ್ಟೇ. ನೀರಿನ ಮೇಲೆ ಬಂಗಾರದ ಬಣ್ಣಕ್ಕೆ ಸಮ ಇನ್ನೊಂದಿಲ್ಲ, ನನಗೇನೂ ಕೊರತೆ ಅನ್ನಿಸಲಿಲ್ಲ.

ಹೊಗೆ ಮಾತ್ರ ಕಷ್ಟ ಕೊಟ್ಟಿತು. ಪರದೆಯ ಆಕಾಶದಲ್ಲಿ ಮೊದಲ ಶೆಲ್ಲಿನಿಂದ ಕೊನೆಯದರವರೆಗೂ ಒಂದೇ ಕಪ್ಪು. ಫೆಬ್ರವರಿ ರಾತ್ರಿ ಕೆರೆ ಮೇಲೆ ಗಾಳಿ ಆಡದಿದ್ದರೆ ಮೂರನೇ ನಿಮಿಷಕ್ಕೇ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮೂರು ಸಂಜೆ ಏರಿ ಮೇಲೆ ಕೂತು ಆಚೆ ದಡದಲ್ಲಿ ಯಾರೋ ಸುಡುತ್ತಿದ್ದ ಕಸದ ಹೊಗೆ ಎತ್ತ ಹೋಗುತ್ತದೆ ಅಂತ ನೋಡಿದೆ. ಎಂಟು ಗಂಟೆಯ ಹೊತ್ತಿಗೆ ಅದು ನೆಲಕ್ಕೆ ಅಂಟಿಕೊಂಡು ನಿಧಾನಕ್ಕೆ ಎಡಕ್ಕೆ ಸರಿಯುತ್ತಿತ್ತು. ಅದಕ್ಕೆ ಮೊದಲು ಎಡಗಡೆಯ ಪೈಪು, ಆಮೇಲೆ ಬಲಗಡೆಯದು ಅಂತ ಕ್ರಮ ಬದಲಿಸಿದೆ. ನಡುವೆ ಎರಡು ಕಡೆ ಒಂದೊಂದೇ ಶೆಲ್ಲು ನಿಧಾನಕ್ಕೆ ಹಾರುವ ಹಾಗೆ ಬಿಡುವು ಕೊಟ್ಟೆ.

ಏರಿಯಿಂದ ಪೈಪಿಗೆ 250 ಮೀಟರು. ಢಮ್ ಅನ್ನುವ ಸದ್ದು ಅಲ್ಲಿಂದ ಬರುವುದಕ್ಕೆ ಮುಕ್ಕಾಲು ಸೆಕೆಂಡು ಬೇಕು, ಆದರೆ ಸ್ಪೀಕರ್ ಜನರ ಪಕ್ಕದಲ್ಲೇ ಇರುತ್ತದೆ. ಬೆಳಕಿಗೆ ತಾಳ ಹೊಂದಿಸಿದೆ, ಸದ್ದನ್ನು ಅದರ ಪಾಡಿಗೆ ಬಿಟ್ಟೆ.

ಇನ್ನು ಸಂಗೀತ. ಸಿನಿಮಾ ಹಾಡು ಹಾಕಿ ಅಂದವರು ಇದ್ದರು. ನನಗೆ ಆ ಊರಿನ ವಾಲಗವೇ ಬೇಕಿತ್ತು, ತೆಪ್ಪಕ್ಕೆ ಅದೇ ಸರಿ. ಆದರೆ ವಾಲಗದವರು ಎದುರಲ್ಲೇ ನುಡಿಸಿದರೆ ಪ್ರತಿ ಸಲ ವೇಗ ಬೇರೆ. ಅದಕ್ಕೆ ದೇವಸ್ಥಾನದ ಅಂಗಳದಲ್ಲಿ ಒಂದು ಬೆಳಗ್ಗೆ ಆರು ನಿಮಿಷ ರೆಕಾರ್ಡ್ ಮಾಡಿಕೊಂಡೆ. ನಾಗಸ್ವರದ ತಾತನಿಗೆ ಲ್ಯಾಪ್‌ಟಾಪಿನಲ್ಲಿ ಪೂರ್ತಿ ತೋರಿಸಿದಾಗ ಅವರು ಎರಡು ಸಲ ನೋಡಿದರು. "ಎಲ್ಲಾ ಸರಿ ಇದೆ. ಮುಕ್ತಾಯಕ್ಕೆ ಮುಂಚೆ ನಾನು ಉಸಿರು ತೆಗೀತೀನಲ್ಲ, ಅಲ್ಲಿ ನೀನೂ ತೆಗೀಬೇಕು. ಎಲ್ಲಾ ಕಡೆ ತುಂಬಿಬಿಟ್ಟಿದೀಯ" ಅಂದರು. ಕೊನೆಯ ಸಾಲಿಗೆ ಮುಂಚೆ ಇದ್ದ ಎಂಟು ಶೆಲ್ಲು ತೆಗೆದು ಎರಡು ಸೆಕೆಂಡು ಪೂರಾ ಕತ್ತಲು ಇಟ್ಟೆ.

ಆ ರಾತ್ರಿ ವೈರುಗಳನ್ನು ಪರೀಕ್ಷೆ ಮಾಡುವಾಗಲೇ ಎರಡು ಚಾನೆಲ್ ಕರೆಂಟು ತೋರಿಸಲಿಲ್ಲ. ಕತ್ತಲಲ್ಲಿ ಪೈಪಿನ ಹತ್ತಿರ ಹೋಗಿ ಕೈ ಹಾಕುವುದು ಬೇಡ ಅಂತ ಮಾವ ಖಡಾಖಂಡಿತವಾಗಿ ಹೇಳಿದರು. ಆ ಎರಡನ್ನು ಬಿಟ್ಟೇ ಹಾರಿಸಿದೆವು. ಹೊಗೆ ಲೆಕ್ಕದಂತೆ ಎಡಕ್ಕೇ ಸರಿಯಿತು. ಕೊನೆಯಲ್ಲಿ ಕತ್ತಲಾದಾಗ ಏರಿ ಮೇಲೆ ಒಂದು ಮಗು ಅಳುವುದೂ ಕೇಳಿಸಿತು, ಆಮೇಲೆ ನೀರು ಪೂರ್ತಿ ಬಂಗಾರವಾಯಿತು. ನನಗೆ ಕಣ್ಣು ತುಂಬಿ ಬಂತು.

ತಾತನ ಹತ್ತಿರ ಹೋಗಿ ಹೇಗಿತ್ತು ಅಂತ ಕೇಳಿದೆ. "ಚೆನ್ನಾಗಿತ್ತು. ಉಸಿರು ಸ್ವಲ್ಪ ಜಾಸ್ತಿ ಆಯ್ತು, ಒಂದೂವರೆ ಸಾಕು" ಅಂದರು. ಮುಂದಿನ ತಿಂಗಳೇ ಕೊರೋನಾ ಬಂದು ಜಾತ್ರೆಗಳೆಲ್ಲ ನಿಂತವು. ಆ ಫೈಲಿನಲ್ಲಿ ಮಾತ್ರ ಅವತ್ತು ರಾತ್ರಿಯೇ ಒಂದೂವರೆ ಅಂತ ತಿದ್ದಿಟ್ಟೆ.