17 ದಿನದ ಕಥೆ ನಂಬಿ 8 ವಾರ ಕೂತೆ

ಧಾರವಾಡದಲ್ಲಿ ಬೆಳಗ್ಗೆ ಐದೂವರೆಗೆ ಹೆಂಗಸೊಬ್ಬಳು ರಸ್ತೆ ಮೇಲೆ ಓಡುತ್ತಿದ್ದರೆ ಜನ ಮೊದಲು ನೋಡೋದು ಅವಳ ಹಿಂದೆ. ನಾಯಿ ಬೆನ್ನು ಹತ್ತಿದೆಯಾ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರಾ ಅಂತ. ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಬಾಯಿ ಬಿಡುತ್ತಾರೆ. ನನ್ನನ್ನು ಮೊದಲು ಕೇಳಿದ್ದು ನಮ್ಮ ಓಣಿಗೆ ಹಾಲು ಹಾಕುವವನು. "ಯಾಕ್ರೀ ಅಕ್ಕಾರ, ಬಸ್ ತಪ್ಪೇತೇನ್ರಿ?"

ಆಗ ನನಗೆ 37. ಬ್ಯಾಂಕಿನ ಕೌಂಟರ್ ಹಿಂದೆ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಅದನ್ನು ಬಿಡಿಸೋಕೆ ಅಂತ ಕೆಲಗೇರಿ ಕೆರೆ ಕಡೆ ನಡೆಯೋಕೆ ಹೋದವಳು ಯಾವಾಗ ಓಡೋಕೆ ಶುರು ಮಾಡಿದೆನೋ ನೆನಪಿಲ್ಲ. ಚೂಡಿದಾರ, ವೇಲ್ ಸೊಂಟಕ್ಕೆ ಬಿಗಿದು ಓಡೋದು. ಎದುರಿಗೆ ಬೈಕ್ ಬಂದರೆ ತಟ್ಟನೆ ನಿಂತು ಫೋನ್ ಕಿವಿಗಿಟ್ಟು "ಹಾಂ, ಹಾಂ" ಅನ್ನೋದು. ಬೈಕ್ ದಾಟಿದ ಮೇಲೆ ಮತ್ತೆ ಓಟ.

ಒಂದು ರಾತ್ರಿ ಮಗಳು ಮೊಬೈಲ್‌ನಲ್ಲಿ ಹಳೆಯ ವಿಡಿಯೊ ತೋರಿಸಿದಳು. 1984, ಲಾಸ್ ಏಂಜಲೀಸ್ ಒಲಿಂಪಿಕ್ಸ್. ಬಿಳಿ ಟೋಪಿ ಹಾಕಿಕೊಂಡ ಸಣ್ಣ ಆಳಿನ ಹೆಂಗಸು ಖಾಲಿ ಹೆದ್ದಾರಿ ಮೇಲೆ ಒಬ್ಬಳೇ ಓಡುತ್ತಿದ್ದಾಳೆ. ಜೋನ್ ಬೆನೊಯಿಟ್, ಅಮೆರಿಕದ ಮೇನ್ ರಾಜ್ಯದವಳು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದೇ ಅದೇ ಮೊದಲು. ಅದಕ್ಕೂ ಮುಂಚೆ ಅಲ್ಲಿ ಹೆಂಗಸರು ಓಡಬಹುದಾಗಿದ್ದ ಅತಿ ದೂರ ಅಂದರೆ 1500 ಮೀಟರ್. ಆಕೆ ಐದು ಕಿಲೋಮೀಟರ್ ಹೊತ್ತಿಗೇ ಗುಂಪು ಬಿಟ್ಟು ಮುಂದೆ ಹೋದಳು. ನ್ಯೂಯಾರ್ಕ್ ಮ್ಯಾರಥಾನ್ ಮತ್ತೆ ಮತ್ತೆ ಗೆದ್ದಿದ್ದ ಗ್ರೇಟೆ ವೈಟ್ಸ್ ಹಿಂದೆಯೇ ಇದ್ದಳು. ಜೋನ್ ಬಿಸಿಲಿಗೆ ಸುಸ್ತಾಗಿ ಹಿಂದೆ ಬಿದ್ದೇ ಬೀಳುತ್ತಾಳೆ ಅಂತ ಯಾರೂ ಬೆನ್ನು ಹತ್ತಲಿಲ್ಲ. ಅವಳು ಬೀಳಲೇ ಇಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡ್‌ಗೆ ಮುಗಿಸಿ ಚಿನ್ನ ತಗೊಂಡಳು.

ಆಮೇಲೆ ಆಕೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಂದು ಮಾತಿಗೆ ಜೋರಾಗಿ ನಕ್ಕುಬಿಟ್ಟೆ. ಓಡೋಕೆ ಶುರು ಮಾಡಿದ ಹೊಸದರಲ್ಲಿ ಕಾರು ಬಂದರೆ ಆಕೆಯೂ ನಾಚಿಕೊಂಡು ಓಟ ನಿಲ್ಲಿಸಿ, ದಾರಿ ಬದಿಯ ಹೂವು ನೋಡುತ್ತಿರುವ ಹಾಗೆ ನಟಿಸುತ್ತಿದ್ದಳಂತೆ. ಅವಳಿಗೆ ಹೂವು, ನನಗೆ ಫೋನ್.

ಆದರೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು ಬೇರೆ ಕಥೆ. ಒಲಿಂಪಿಕ್ಸ್ ಆಯ್ಕೆ ಓಟಕ್ಕೆ 17 ದಿನ ಇರುವಾಗ ಆಕೆಯ ಮೊಣಕಾಲಿಗೆ ಆಪರೇಷನ್ ಆಗಿತ್ತು. 17 ದಿನಕ್ಕೆ ಎದ್ದು ಬಂದು 42 ಕಿಲೋಮೀಟರ್ ಓಡಿ ಮೊದಲ ಸ್ಥಾನ ಬಂದಳು. ಇದನ್ನು ಓದಿದವರು ಸುಮ್ನೆ ಇರೋಕಾಗುತ್ತಾ? ನಾನಂತೂ ಇರಲಿಲ್ಲ.

2022ರ ಮಳೆಗಾಲ. ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದವಳು ಎರಡೂವರೆ ತಿಂಗಳಲ್ಲಿ 50ಕ್ಕೆ ಏರಿಸಿದೆ. ಜೋನ್ ವಾರಕ್ಕೆ 160 ಓಡುತ್ತಿದ್ದಳು, ನನ್ನದೇನು ಮಹಾ ಅಂತ. ಮಣ್ಣಿನ ದಾರಿಯೆಲ್ಲ ಕೆಸರು. ನಮ್ಮ ಎರಿ ಮಣ್ಣು ಗೊತ್ತಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಶೂ ಕಾಲು ಕಿಲೋ ಭಾರ. ಹಾಗಾಗಿ ದಿನಾ ಗಟ್ಟಿ ರಸ್ತೆ ಮೇಲೆಯೇ ಓಟ, ಅದೂ ದಿನಾ ಜೋರಾಗಿ. ಎಡಗಾಲಿನ ಕಣಕಾಲು ನೋಯೋಕೆ ಶುರುವಾಯಿತು. ಮೊದಲು ಓಡಿದ ಮೇಲೆ, ಆಮೇಲೆ ಓಡುವಾಗ, ಕೊನೆಗೆ ರಾತ್ರಿ ಮಲಗಿದಾಗಲೂ. ಮುಲಾಮು ಹಚ್ಚಿದೆ, ಬಟ್ಟೆ ಸುತ್ತಿದೆ, ಓಡಿದೆ. ಜೋನ್ ಓಡಿದಳಲ್ಲ!

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಹಿಗ್ಗಿ ಮತ್ತೆ ಒಂದು ವಾರ ಓಡಿದೆ. ಕೊನೆಗೆ ಒಬ್ಬ ಡಾಕ್ಟರು ಒಂದೇ ಬೆರಳಿನಿಂದ ಎಲುಬಿನ ಉದ್ದಕ್ಕೂ ಒತ್ತುತ್ತಾ ಬಂದರು. ಒಂದು ಕಡೆ, ಎಂಟಾಣೆಯಷ್ಟು ಜಾಗ, ಒತ್ತಿದ ಕೂಡಲೇ ಕಿರುಚಿದೆ. "ನೋವು ಉದ್ದಕ್ಕೂ ಹರಡಿದ್ರ ಸ್ನಾಯು ಅಂತ ತಿಳೀಬಹುದಿತ್ತು. ಹಿಂಗ ಒಂದೇ ಕಡೆ ಬೆರಳಿಟ್ಟು ತೋರಿಸೂ ಹಂಗಿದ್ರ ಎಲುಬು" ಅಂದರು. ಎಂಆರ್‌ಐನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗೋದಿಲ್ಲವಂತೆ. 8 ವಾರ ಓಟ ಬಂದ್.

ಆ 8 ವಾರದಲ್ಲಿ ಜೋನ್ ಕಥೆಯನ್ನು ಎರಡನೇ ಸಲ, ನಿಧಾನವಾಗಿ ಓದಿದೆ. ಆಕೆಯ ಮೊಣಕಾಲಲ್ಲಿ ಎಲುಬು ಮುರಿದಿರಲಿಲ್ಲ. ಒಳಗೆ ಪೊರೆಯಂಥ ಅಂಗಾಂಶ ಊದಿಕೊಂಡು ಕೀಲು ಹಿಡಿದುಕೊಳ್ಳುತ್ತಿತ್ತು. ಸಣ್ಣ ತೂತು ಮಾಡಿ ಅದನ್ನು ಕತ್ತರಿಸಿ ತೆಗೆದರು, ಕಾಲು ಬಿಡುಗಡೆಯಾಯಿತು. ಬೆನ್ನಿಗೆ ವರ್ಷಗಟ್ಟಲೆ ಓಡಿದ ಮೈ ಇತ್ತು. 1979ರಲ್ಲಿ, ಇನ್ನೂ ಕಾಲೇಜಿನಲ್ಲಿ ಓದುವಾಗಲೇ ಬಾಸ್ಟನ್ ಮ್ಯಾರಥಾನ್ ಗೆದ್ದವಳು. 1983ರಲ್ಲಿ ಅಲ್ಲೇ 2:22:43 ಓಡಿ ಜಗತ್ತಿನಲ್ಲಿ ಅಲ್ಲಿಯವರೆಗೆ ಯಾವ ಹೆಂಗಸೂ ಓಡದಷ್ಟು ಬೇಗ ಓಡಿದವಳು. ನನ್ನ ಬೆನ್ನಿಗೆ ಇದ್ದಿದ್ದು ಬ್ಯಾಂಕಿನ ಕುರ್ಚಿ. ನಾನು 17 ದಿನ ಮಾತ್ರ ಓದಿದ್ದೆ, ಅದರ ಹಿಂದಿನ ವರ್ಷಗಳನ್ನು ಬಿಟ್ಟಿದ್ದೆ.

ಇನ್ನೊಂದು ಸಂಗತಿ ರಕ್ತ ಪರೀಕ್ಷೆಯಲ್ಲಿ ಹೊರಬಿತ್ತು. ಹಿಮೋಗ್ಲೋಬಿನ್ 9.1. ಹೆಂಗಸರಿಗೆ 12 ಆದರೂ ಇರಬೇಕು. ವಿಟಮಿನ್ ಡಿ ಕೂಡ ನೆಲ ಕಚ್ಚಿತ್ತು. ಎರಡು ಮಹಡಿ ಹತ್ತಿದರೆ ಎದುರುಸಿರು ಬರೋದು ವಯಸ್ಸಿಗೆ ಅಂದುಕೊಂಡಿದ್ದೆ, ನೋಡಿ. ತಿಂಗಳು ತಿಂಗಳು ಹೋಗುವ ರಕ್ತಕ್ಕೆ ಸರಿಯಾಗಿ ಕಬ್ಬಿಣ ವಾಪಸ್ ಹೋಗುತ್ತಿರಲಿಲ್ಲ. ಊಟದಲ್ಲಿ ಕಬ್ಬಿಣ ಇರಲಿಲ್ಲ ಅಂತಲ್ಲ. ರೊಟ್ಟಿ, ಕಾಳುಪಲ್ಯ, ಸೊಪ್ಪು ಎಲ್ಲ ಇತ್ತು. ಆದರೆ ರೊಟ್ಟಿ ತಿಂದು ಕೈ ತೊಳೆಯುವ ಮುಂಚೆ ಚಹಾ ಬೇಕು ನನಗೆ. ಊಟದ ಜೊತೆ ಚಹಾ ಕುಡಿದರೆ ಅದರ ಒಗರು ಕಬ್ಬಿಣವನ್ನು ಮೈಗೆ ಹತ್ತೋಕೆ ಬಿಡೋದಿಲ್ಲ. ಹುಳಿ ಹಣ್ಣು ತಿಂದರೆ ಜಾಸ್ತಿ ಹತ್ತುತ್ತದೆ. ಗುಳಿಗೆ ನುಂಗಿದೆ, ಚಹಾ ಒಂದೂವರೆ ತಾಸು ಹಿಂದೆ ಸರಿಸಿದೆ, ಪಲ್ಯಕ್ಕೆ ಲಿಂಬೆಹಣ್ಣು ಹಿಂಡಿದೆ. ನವಲೂರು ಪೇರಲ ಬಂದಾಗ ಊಟಕ್ಕೆ ಒಂದೊಂದು. ಐದು ತಿಂಗಳಿಗೆ 12.2. ಶೂ, ವಾಚು ಯಾವುದೂ ಮಾಡದ ಕೆಲಸ ಇದು ಮಾಡಿತು. ಓಡುವ ಹೆಣ್ಣುಮಕ್ಕಳಿಗೆ ನಾನು ಹೇಳೋದು ಇದನ್ನೇ: ಶೂ ಅಂಗಡಿಗೆ ಹೋಗುವ ಮುಂಚೆ ರಕ್ತ ತಪಾಸಣೆಗೆ ಹೋಗಿ.

ಈ ನಡುವೆ ಪಕ್ಕದ ಮನೆಯ ದೊಡ್ಡವರೊಬ್ಬರು ಬಂದು ಕೂತು, "ಹೆಣ್ಮಕ್ಳು ಹಂಗೆಲ್ಲಾ ಓಡಿದ್ರ ಗರ್ಭಕೋಶ ಜಾರತೈತಿ, ನಾ ಮೊದ್ಲ ಹೇಳಿದ್ದೆ" ಅಂದರು. ಸಿಟ್ಟು ಬರಲಿಲ್ಲ. 1960ರ ದಶಕದ ಅಮೆರಿಕದಲ್ಲೂ ಥೇಟ್ ಇದೇ ಮಾತು ಇತ್ತು. 1966ರಲ್ಲಿ ಬಾಬಿ ಗಿಬ್ ಅನ್ನುವವಳು ಬಾಸ್ಟನ್ ಓಟಕ್ಕೆ ಅರ್ಜಿ ಹಾಕಿದಾಗ, ಹೆಂಗಸರ ಮೈಗೆ ಅಷ್ಟು ದೂರ ಆಗೋದಿಲ್ಲ ಅಂತ ಉತ್ತರ ಬಂತು. ಅವಳು ಪೊದೆಯಲ್ಲಿ ಅಡಗಿ ಕೂತು, ಓಟ ಶುರುವಾದ ಮೇಲೆ ಗಂಡಸರ ನಡುವೆ ನುಗ್ಗಿ ಓಡಿ ಮುಗಿಸಿದಳು.

ನಾನು ಓಟಕ್ಕೆ ವಾಪಸ್ ಬಂದಾಗ ಶುರು ಮಾಡಿದ್ದು ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟದಿಂದ. ಕೃಷಿ ವಿಶ್ವವಿದ್ಯಾಲಯದ ಕಡೆಯ ಮಣ್ಣಿನ ದಾರಿ ಹಿಡಿದೆ. ಓಟದ ವೇಗಕ್ಕೆ ಒಂದೇ ಕಟ್ಟಳೆ: ಬಾಯಿಬಿಟ್ಟು 17ರ ಮಗ್ಗಿ ಹೇಳೋಕೆ ಆಗಬೇಕು. ಉಸಿರು ಸಿಕ್ಕಿಕೊಂಡರೆ ನಿಧಾನ ಮಾಡು. ನಿಧಾನ ಅಂದರೆ ಎಷ್ಟು ನಿಧಾನ? ವಾಕಿಂಗ್ ಮಾಡುವ ಅಜ್ಜಂದಿರು ದಾಟಿ ಹೋಗುತ್ತಿದ್ದರು. ವಾರಕ್ಕೆ ಒಂದು ದಿನ ಮಾತ್ರ ಜೋರು, ಕರ್ನಾಟಕ ವಿಶ್ವವಿದ್ಯಾಲಯದ ಏರಿನಲ್ಲಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸೋದು. ಬೇಸರ ಬರುವಷ್ಟು ಸಪ್ಪೆ ಕೆಲಸ.

ಭಾನುವಾರದ ಉದ್ದ ಓಟ ಮಾತ್ರ ನನಗೆ ಹಬ್ಬ. ಟೋಲ್ ನಾಕಾ, ನವಲೂರು, ಸತ್ತೂರು, ರಾಯಾಪುರ, ನವನಗರ ದಾಟಿ ಉಣಕಲ್ ಕೆರೆ. ಅಲ್ಲಿಂದ ಚಿಗರಿ ಬಸ್ ಹತ್ತಿ ಮನೆಗೆ. ಬೆವರಿನಲ್ಲಿ ತೊಯ್ದು ಎಸಿ ಬಸ್ಸಿನಲ್ಲಿ ಕೂತರೆ ಹಲ್ಲು ಕಟಕಟ ಅನ್ನುತ್ತವೆ, ಅದಕ್ಕೆ ಚೀಲದಲ್ಲಿ ಒಣ ಕುರ್ತಾ ಒಂದು ಇರಲೇಬೇಕು. ದಾರಿಯಲ್ಲಿ ತಿನ್ನೋಕೆ ಒಮ್ಮೆ ಪೇಡೆ ಇಟ್ಟುಕೊಂಡೆ, ಧಾರವಾಡದವಳು ಅನ್ನುವ ಅಭಿಮಾನಕ್ಕೆ. ಒಣಗಿದ ಬಾಯಿಗೆ ಪೇಡೆ ಹಾಕಿ ನೋಡಿ, ಗೊತ್ತಾಗುತ್ತೆ. ಅಂಗುಳಕ್ಕೆ ಅಂಟಿ ಕೂತಿದ್ದು ನವನಗರದವರೆಗೂ ಬಿಡಲಿಲ್ಲ. ಕೊನೆಗೆ ನನಗೆ ಹೊಂದಿದ್ದು ಖರ್ಜೂರ, ಮತ್ತೆ ಬೆಲ್ಲ, ಉಪ್ಪು, ಲಿಂಬೆ ಹಾಕಿದ ನೀರು. ಶೂ ಒಂದು ನಂಬರ್ ದೊಡ್ಡದು ತಗೊಂಡೆ. ಮೂರು ತಾಸು ಓಡಿದರೆ ಪಾದ ಊದಿಕೊಳ್ಳುತ್ತದೆ. ಅದಕ್ಕಿಂತ ಮುಂಚೆ ಹೆಬ್ಬೆರಳಿನ ಉಗುರು ಎರಡು ಸಲ ಕಪ್ಪಾಗಿ ಬಿದ್ದಿತ್ತು.

2024ರ ಜನವರಿಯಲ್ಲಿ ಮುಂಬಯಿ ಮ್ಯಾರಥಾನ್. ಕತ್ತಲಲ್ಲೇ ಓಟ ಶುರು. ಸುತ್ತಲಿನವರೆಲ್ಲ ಬಿಟ್ಟ ಬಾಣದ ಹಾಗೆ ಹೋದರು. ನಾನು ಮಗ್ಗಿ ಹೇಳುತ್ತಾ ಹೋದೆ. ಪ್ರತಿ ನೀರಿನ ಮೇಜಿನ ಹತ್ತಿರ ನಿಂತು ಕುಡಿದೆ. ಜೋನ್ ಲಾಸ್ ಏಂಜಲೀಸ್‌ನಲ್ಲಿ ಮೊದಲ ನೀರಿನ ಮೇಜು ಬಿಟ್ಟು ಮುಂದೆ ಹೋಗಿದ್ದಳು. ಇದನ್ನಾದರೂ ನಕಲು ಮಾಡಲಿಲ್ಲ. 30 ಕಿಲೋಮೀಟರ್ ದಾಟಿದ ಮೇಲೆ ಪೆಡ್ಡರ್ ರೋಡಿನ ಏರು ಬಂತು. ಮುಂಚೆ ಬಾಣದ ಹಾಗೆ ಹೋದವರಲ್ಲಿ ಎಷ್ಟೋ ಜನ ಅಲ್ಲಿ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. 17 ಎಂಟಲೆ ನೂರ ಮೂವತ್ತಾರು ಅಂತ ನನ್ನ ಬಾಯಿಂದ ಜೋರಾಗಿಯೇ ಬಂತು. ಪಕ್ಕದವನು ತಿರುಗಿ ನೋಡಿದ.

4 ಗಂಟೆ 51 ನಿಮಿಷ. ಲೆಕ್ಕ ಹಾಕಿದರೆ ಜೋನ್‌ಳ ಓಟದ ಹೆಚ್ಚುಕಡಿಮೆ ಎರಡರಷ್ಟು. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಿಂದ ಇಬ್ಬರೂ ಒಟ್ಟಿಗೆ ಹೊರಟರೆ, ನಾನು ಧಾರವಾಡ ಮುಟ್ಟುವಷ್ಟರಲ್ಲಿ ಆಕೆ ಧಾರವಾಡ ಮುಟ್ಟಿ ವಾಪಸ್ ಹುಬ್ಬಳ್ಳಿಯಲ್ಲಿ ಚಹಾ ಕುಡಿಯುತ್ತಿರುತ್ತಾಳೆ. ಅರವತ್ತು ದಾಟಿದ ಮೇಲೂ ನನ್ನ ಹಿಂದೆ ಹಾಕುತ್ತಾಳೆ ಅನ್ನೋಣ ಅಂದರೆ, ಅದೂ ಆಗಿಹೋಗಿದೆ. 2019ರಲ್ಲಿ, 61ನೇ ವಯಸ್ಸಿಗೆ ಬಾಸ್ಟನ್‌ನಲ್ಲಿ 3 ಗಂಟೆ 4 ನಿಮಿಷ ಓಡಿದಳು. 17 ದಿನಕ್ಕಿಂತ ಈ ನಲವತ್ತು ವರ್ಷ ನನಗೆ ಈಗ ಜಾಸ್ತಿ ಬೆರಗು.

ಊರಿಗೆ ಬಂದು ಪದಕ ಅತ್ತೆಯವರ ಕೈಗೆ ಕೊಟ್ಟೆ. ತೂಕ ನೋಡಿದರು, ಉಗುರಿನಿಂದ ಕೆರೆದು ನೋಡಿದರು.

"ಇದರ ಜೋಡಿ ರೊಕ್ಕ ಎಷ್ಟ್ ಕೊಟ್ರವಾ?"

"ರೊಕ್ಕ ನಾವ ಕೊಡಬೇಕ್ರಿ ಅತ್ತಿ, ಓಡಾಕ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಪದಕವನ್ನು ಕ್ಯಾಲೆಂಡರ್ ಮೊಳೆಗೇ ನೇತುಹಾಕಿದರು, ಕ್ಯಾಲೆಂಡರ್ ಹಿಂದೆ.