ಷೆಡ್‌ನಲ್ಲಿ ಕಬ್ಬಿಣದ ಕೆಲಸ: ಮೊದಲು ವೈಸ್, ಆಮೇಲೆ ಗ್ರೈಂಡರ್

ಕೋಲಾರದ ಕಡೆ ಹಸು ಕಟ್ಟಿದ ಮನೆಯಲ್ಲಿ ಕಬ್ಬಿಣದ ಸಣ್ಣಪುಟ್ಟ ಕೆಲಸ ಮುಗಿಯುವುದೇ ಇಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಮೋಟರ್ ಕೂರಿಸುವ ಪಟ್ಟಿ, ಕೊಟ್ಟಿಗೆ ಗೇಟಿನ ಕೀಲು, ರೇಷ್ಮೆ ಹುಳು ಮನೆಯ ಸ್ಟ್ಯಾಂಡು, ಔಷಧಿ ಹೊಡೆಯುವ ಪಂಪಿನ ಕ್ಲಾಂಪು. ಇಷ್ಟಕ್ಕೆಲ್ಲ ಬಂಗಾರಪೇಟೆಗೋ ಮುಳಬಾಗಿಲಿಗೋ ಹೋಗಿ ವೆಲ್ಡಿಂಗ್ ಅಂಗಡಿ ಮುಂದೆ ಕಾಯುವುದೇಕೆ, ಷೆಡ್‌ನಲ್ಲೇ ಮಾಡಿಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಆಂಗಲ್ ಗ್ರೈಂಡರ್ (ಚಕ್ರ ತಿರುಗಿಸಿ ಕಬ್ಬಿಣ ಕೊಯ್ಯುವ, ಉಜ್ಜುವ ಕೈಯಂತ್ರ), ಅದರ ಹಿಂದೆಯೇ ವೆಲ್ಡಿಂಗ್ ಮೆಷಿನ್. ಎರಡೂ ಬೇಕಾಗುತ್ತವೆ, ಆದರೆ ಕ್ರಮ ತಲೆಕೆಳಗಾಗಿದೆ. ಕಬ್ಬಿಣವನ್ನು ಅಲುಗದ ಹಾಗೆ ಹಿಡಿಯಲು, ಅದರ ಮೇಲೆ ಸರಿಯಾದ ಗೆರೆ ಎಳೆಯಲು ಏನೂ ಇಲ್ಲದಿದ್ದರೆ ಗ್ರೈಂಡರ್ ತಪ್ಪನ್ನೇ ಬೇಗ ಮಾಡಿಕೊಡುತ್ತದೆ, ಅಷ್ಟೆ. ಹಣ ಮೊದಲು ಹೋಗಬೇಕಾದ್ದು ವೈಸಿಗೆ (ಬೆಂಚಿಗೆ ಬಿಗಿದು ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಸಾಧನ), ಆಮೇಲೆ ಅಳತೆ ಮತ್ತು ಗುರುತಿನ ಸಾಮಾನಿಗೆ, ಆಮೇಲೆ ಹರಿತಕ್ಕೆ, ಅಂದರೆ ಬ್ಲೇಡು, ಅರ, ಡ್ರಿಲ್ ಬಿಟ್‌ಗಳಿಗೆ. ಮೋಟರ್ ಇರುವ ಸಾಮಾನು ಕೊನೆಗೆ.

ವೈಸ್

ದವಡೆ 4 ಇಂಚು (100 ಮಿ.ಮೀ.) ಅಗಲ ಇರುವ ಬೆಂಚ್ ವೈಸ್ ಮನೆ ಕೆಲಸಕ್ಕೆ ಸಾಕು. 3 ಇಂಚಿನದು ಅಗ್ಗ, ಆದರೆ 50 ಮಿ.ಮೀ. ಫ್ಲ್ಯಾಟ್ (ಚಪ್ಪಟೆ ಕಬ್ಬಿಣದ ಪಟ್ಟಿ) ಬಗ್ಗಿಸುವಾಗ ಅದೇ ನಡುಗುತ್ತದೆ. ಅಂಗಡಿಯಲ್ಲಿ ಬಣ್ಣ ನೋಡಿ ಕೊಳ್ಳಬೇಡಿ. ದವಡೆಯನ್ನು ಅರ್ಧ ತೆರೆದು, ಮುಂದಿನ ಭಾಗವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲಟಲಟ ಎಂದರೆ ಬಿಟ್ಟುಬಿಡಿ. ಆಮೇಲೆ ದವಡೆಯ ಎರಡು ತುದಿಗಳಲ್ಲೂ ಕಾಗದದ ಒಂದೊಂದು ಚೂರು ಇಟ್ಟು ಮುಚ್ಚಿ ಎಳೆಯಿರಿ. ಒಂದು ಚೂರು ಬಿಗಿಯಾಗಿದ್ದು ಇನ್ನೊಂದು ಸಲೀಸಾಗಿ ಬಂದರೆ ದವಡೆ ಸೊಟ್ಟಗಿದೆ. ದವಡೆಯ ಗಟ್ಟಿ ಉಕ್ಕಿನ ಪಟ್ಟಿ ಸ್ಕ್ರೂ ಬಿಚ್ಚಿ ಬದಲಾಯಿಸುವಂತಿರಬೇಕು.

ಕೂರಿಸುವಾಗ ದವಡೆಯ ಮೇಲ್ಭಾಗ ನಿಮ್ಮ ಮೊಣಕೈ ಎತ್ತರಕ್ಕೆ ಬರಲಿ. ತಗ್ಗಾದರೆ ಅರ ಹಾಕುವಾಗ ಸೊಂಟ ಬಗ್ಗುತ್ತದೆ, ಕೈ ತೂಗಾಡಿ ಮೇಲ್ಮೈ ಉಬ್ಬುತ್ತದೆ. ಅಲುಗದ ದವಡೆ ಬೆಂಚಿನ ಅಂಚಿಗಿಂತ ಕೂದಲೆಳೆಯಷ್ಟಾದರೂ ಮುಂದೆ ಚಾಚಿರಲಿ. ಇಲ್ಲದಿದ್ದರೆ ಉದ್ದದ ಸರಳನ್ನು ನೇರ ಕೆಳಕ್ಕೆ ಹಿಡಿಯಲಾಗುವುದಿಲ್ಲ. ಬೆಂಚನ್ನು 50×50×5 ಮಿ.ಮೀ.ನ ಎಲ್ ಆಕಾರದ ಆಂಗಲ್‌ನಲ್ಲಿ ಮಾಡಿಸಿ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿಯಿರಿ. ಮಣ್ಣಿನ ನೆಲವಾದರೆ ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಹಾಸಿ. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ! ಅಡುಗೆಮನೆ ಕಟ್ಟೆಗೆ ಕೊಯ್ದು ಮಿಕ್ಕ ಪಾಲಿಶ್ ಗ್ರಾನೈಟ್ ತುಂಡೊಂದು ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಪಟ್ಟಿ ನೇರ ಇದೆಯೇ, ತಿರುಚಿಕೊಂಡಿದೆಯೇ ಎಂದು ಅದರ ಮೇಲಿಟ್ಟು ನೋಡಬಹುದು.

ವೈಸಿನ ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿಯುವುದು, ಎರಕದ ಮೈಮೇಲೆ ಸುತ್ತಿಗೆಯಲ್ಲಿ ಬಡಿಯುವುದು, ಇವೆರಡೇ ಅದನ್ನು ಕೊಲ್ಲುವುದು. ಎರಕದ ಕಬ್ಬಿಣ ಬಗ್ಗದು, ಒಡೆಯುತ್ತದೆ. ಮೇಲ್ಮೈಗೆ ಕಚ್ಚು ಬೀಳಬಾರದ ಕೆಲಸಕ್ಕೆ ಅಲ್ಯೂಮಿನಿಯಂ ಆಂಗಲ್‌ನ ಎರಡು ತುಂಡುಗಳನ್ನು ದವಡೆಗೆ ಹೊದಿಸಿ.

ಗೆರೆ, ಗುರುತು

300 ಮಿ.ಮೀ. ಸ್ಟೀಲ್ ಸ್ಕೇಲು, ಮೂಲೆಮಟ್ಟ, ಗೆರೆ ಗೀಚುವ ಸ್ಕ್ರೈಬರ್, ತೂತಿನ ಜಾಗಕ್ಕೆ ಚುಕ್ಕಿ ಒತ್ತುವ ಸೆಂಟರ್ ಪಂಚ್, ದಪ್ಪ ಅಳೆಯುವ ಒಂದು ವರ್ನಿಯರ್. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು: ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆದು, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದಾಗದಿದ್ದರೆ ಮಟ್ಟ ಸುಳ್ಳು. ವರ್ನಿಯರ್ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡಬೇಕು, ದವಡೆಗಳ ನಡುವೆ ಬೆಳಕು ನುಸುಳಬಾರದು.

ಕಬ್ಬಿಣದ ಮೇಲೆ ಸ್ಕ್ರೈಬರ್ ಗೆರೆ ಎದ್ದು ಕಾಣಲು ನೀಲಿ ಲೇಔಟ್ ಬಣ್ಣವೇ ಬೇಕೆಂದಿಲ್ಲ. ದ್ರಾಕ್ಷಿ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ ಸಾಕು. 100 ಮಿ.ಲೀ. ನೀರಿಗೆ ಒಂದು ಟೀ ಚಮಚ ಮೈಲುತುತ್ತ ಕರಗಿಸಿ, ಎರಡು ಮೂರು ಹನಿ ಬ್ಯಾಟರಿ ಆಸಿಡ್ ಹಾಕಿ. ಆಸಿಡ್ಡೇ ನೀರಿಗೆ ಬೀಳಬೇಕು, ನೀರು ಆಸಿಡ್‌ಗಲ್ಲ. ಗಾಜಿನ ಸೀಸೆಯಲ್ಲಿ ತುಂಬಿ, ವಿಷ ಎಂದು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಉಜ್ಜಿ ಹೊಳಪು ಬರಿಸಿ, ಎಣ್ಣೆ ಜಿಡ್ಡು ತೆಗೆದ ಉಕ್ಕಿನ ಮೇಲೆ ಇದನ್ನು ಸವರಿದರೆ ತಾಮ್ರದ ತೆಳು ಪದರ ಕೂರುತ್ತದೆ. ಅದರ ಮೇಲೆ ಎಳೆದ ಗೆರೆ ಬೆಳ್ಳಗೆ ಹೊಳೆಯುತ್ತದೆ, ಕೈತಾಗಿ ಅಳಿಸಿಹೋಗುವುದೂ ಇಲ್ಲ. ಕೆಲಸ ಮುಗಿದ ಮೇಲೆ ತೊಳೆದು ಎಣ್ಣೆ ಒರೆಸಿ, ಇಲ್ಲದಿದ್ದರೆ ತುಕ್ಕು. ಸ್ಕೇಲು, ವರ್ನಿಯರ್‌ಗೆ ಮಾತ್ರ ಈ ನೀರು ಸೋಕಿಸಬೇಡಿ.

ಹ್ಯಾಕ್ಸಾ ಮತ್ತು ಅರ

ಹ್ಯಾಕ್ಸಾ ಎಂದರೆ ಕಬ್ಬಿಣ ಕೊಯ್ಯುವ ಕೈಗರಗಸ. ಅದರ ಬ್ಲೇಡಿನ ಆಯ್ಕೆ ಹಲ್ಲಿನ ಲೆಕ್ಕ. ಇಂಚಿಗೆ 18 ಹಲ್ಲಿನದು ದಪ್ಪ ಸರಳಿಗೆ, 24 ಹಲ್ಲಿನದು ಆಂಗಲ್, ಫ್ಲ್ಯಾಟ್‌ಗೆ, 32 ಹಲ್ಲಿನದು ಪೈಪು, ತಗಡಿಗೆ. ಕೊಯ್ಯುವ ದಪ್ಪದಲ್ಲಿ ಯಾವಾಗಲೂ ಮೂರು ಹಲ್ಲಾದರೂ ತಗುಲಿರಬೇಕು. 24ರ ಬ್ಲೇಡಿನಲ್ಲಿ ಹಲ್ಲಿಂದ ಹಲ್ಲಿಗೆ ಸುಮಾರು 1 ಮಿ.ಮೀ., ಹಾಗಾಗಿ 3 ಮಿ.ಮೀ. ದಪ್ಪಕ್ಕೆ ಅದು ಸರಿ. 1.6 ಮಿ.ಮೀ. ಗೋಡೆಯ ಪೈಪಿಗೆ ಅದನ್ನು ಹಾಕಿದರೆ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಹಲ್ಲು ಮುರಿಯುತ್ತದೆ. ಇನ್ನೂ ತೆಳುವಾದ ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಸೇರಿಸಿ ಮರದ ಸಮೇತ ಕೊಯ್ಯಿರಿ.

ಹಲ್ಲು ಮುಂದಕ್ಕೆ ಮುಖ ಮಾಡಿರಲಿ. ನಿಮಿಷಕ್ಕೆ 40ರಿಂದ 50 ಎಳೆತ, ಬ್ಲೇಡಿನ ಪೂರ್ತಿ ಉದ್ದ ಬಳಸಿ. ಅವಸರಕ್ಕೆ ನಡುವಿನ ನಾಲ್ಕು ಇಂಚಿನಲ್ಲೇ ಉಜ್ಜಿದರೆ ಅಲ್ಲಿ ಮಾತ್ರ ಹಲ್ಲು ಸವೆದು ಬ್ಲೇಡು ದಂಡ. ಅರ್ಧ ಕೊಯ್ದಾಗ ಬ್ಲೇಡು ಮುರಿದರೆ ಹೊಸದನ್ನು ಅದೇ ಸೀಳಿಗೆ ಇಳಿಸಬೇಡಿ. ಹಳೆಯ ಬ್ಲೇಡಿನ ಹಲ್ಲು ಸವೆದಿದ್ದರಿಂದ ಆ ಸೀಳು ಕಿರಿದಾಗಿರುತ್ತದೆ, ಹೊಸದು ಅಲ್ಲೇ ಕಚ್ಚಿಕೊಂಡು ಮುರಿಯುತ್ತದೆ. ತುಂಡನ್ನು ತಿರುಗಿಸಿ ಎದುರಿನಿಂದ ಕೊಯ್ಯಿರಿ.

ಅರಗಳಲ್ಲಿ 10 ಇಂಚಿನ ಚಪ್ಪಟೆ ಬಾಸ್ಟರ್ಡ್ (ಒರಟು ಹಲ್ಲಿನದು), 8 ಇಂಚಿನ ಸೆಕೆಂಡ್ ಕಟ್ (ಮಧ್ಯಮ ಹಲ್ಲಿನ) ಅರ್ಧದುಂಡು, 6 ಇಂಚಿನ ಚಪ್ಪಟೆ ಸ್ಮೂತ್ (ನಯ ಹಲ್ಲಿನದು), 6 ಇಂಚಿನ ದುಂಡು, ಈ ನಾಲ್ಕು ಸಾಕು. ಹಿಡಿ ಇಲ್ಲದ ಅರವನ್ನು ಮುಟ್ಟಲೇಬೇಡಿ. ಅದು ತಟ್ಟನೆ ತಡೆದು ನಿಂತಾಗ ಹಿಂಬದಿಯ ಮೊನೆ ಅಂಗೈಗೆ ಇಳಿಯುತ್ತದೆ. ಒತ್ತು ಮುಂದಕ್ಕೆ ಹೋಗುವಾಗ ಮಾತ್ರ, ಹಿಂದಕ್ಕೆ ಬರುವಾಗ ಹಗುರ. ಹೊಸ ಅರವನ್ನು ಹೊಸ ಫ್ಲ್ಯಾಟ್‌ನ ಕಪ್ಪು ಸಿಪ್ಪೆಯ ಮೇಲಾಗಲಿ, ವೆಲ್ಡಿಂಗ್ ಗಂಟಿನ ಮೇಲಾಗಲಿ ಹಾಕಬಾರದು. ಆ ಸಿಪ್ಪೆ ಒಳಗಿನ ಕಬ್ಬಿಣಕ್ಕಿಂತ ಬಹಳ ಗಡಸು. ಅದನ್ನು ಮೊದಲು ಹಳೆಯ ಅರದಿಂದಲೋ ಗ್ರೈಂಡರಿನಿಂದಲೋ ತೆಗೆಯಿರಿ. ಹಲ್ಲಿನ ಸಂದಿಗೆ ಚೂರು ಸಿಕ್ಕಿಕೊಂಡು ಮೇಲ್ಮೈ ಗೀಚುತ್ತಿದ್ದರೆ ಹಿತ್ತಾಳೆ ಬ್ರಷ್‌ನಲ್ಲಿ ತೆಗೆದು, ಅರಕ್ಕೆ ಸೀಮೆಸುಣ್ಣ ಉಜ್ಜಿಕೊಳ್ಳಿ. ಮತ್ತೆ ಅಷ್ಟು ಬೇಗ ಕಚ್ಚುವುದಿಲ್ಲ. ಅರಗಳನ್ನು ಒಂದರ ಮೇಲೊಂದು ಡಬ್ಬಿಗೆ ಎಸೆದರೆ ಒಂದರ ಹಲ್ಲನ್ನು ಇನ್ನೊಂದು ಮುರಿಯುತ್ತದೆ. ಗೋಡೆಗೆ ನೇತುಹಾಕಿ.

ತೂತು

ಡ್ರಿಲ್ ಬಿಟ್ ಸುಟ್ಟುಹೋಗಲು ಮುಖ್ಯ ಕಾರಣ ವೇಗ. ಎಚ್‌ಎಸ್‌ಎಸ್ ಬಿಟ್‌ನಲ್ಲಿ (ಹೈಸ್ಪೀಡ್ ಸ್ಟೀಲಿನದು) ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಕಬ್ಬಿಣಕ್ಕೆ ಒಂದು ಸುಲಭ ಲೆಕ್ಕವಿದೆ: 8000ವನ್ನು ಬಿಟ್‌ನ ಮಿಲಿಮೀಟರ್‌ನಿಂದ ಭಾಗಿಸಿ. 6 ಮಿ.ಮೀ.ಗೆ ಸುಮಾರು 1300 ಆರ್‌ಪಿಎಂ, 10 ಮಿ.ಮೀ.ಗೆ 800. ಸ್ಟೇನ್‌ಲೆಸ್‌ಗೆ ಅದರಲ್ಲಿ ಅರ್ಧ, ಅಲ್ಯೂಮಿನಿಯಂಗೆ ಎರಡರಷ್ಟು. ಕೈಡ್ರಿಲ್ ಪೂರ್ತಿ ಒತ್ತಿದರೆ ಎರಡು ಸಾವಿರ ದಾಟುವುದೇ ಹೆಚ್ಚು, ಆದ್ದರಿಂದ ದೊಡ್ಡ ತೂತಿಗೆ ಟ್ರಿಗರ್ ಅರ್ಧ ಒತ್ತಿ. ನಿಧಾನ ತಿರುಗಲಿ, ಒತ್ತು ಗಟ್ಟಿಯಾಗಿರಲಿ. ಸ್ಟೇನ್‌ಲೆಸ್‌ನಲ್ಲಿ ಹಗುರವಾಗಿ ಉಜ್ಜುತ್ತಾ ನಿಂತರೆ ಆ ಜಾಗ ಇನ್ನಷ್ಟು ಗಡಸಾಗಿ ಬಿಟ್ ಇಳಿಯುವುದೇ ಇಲ್ಲ.

10 ಮಿ.ಮೀ. ತೂತಿಗೆ ಮೊದಲು 3ರಿಂದ 4 ಮಿ.ಮೀ. ತೂತು ಹಾಕಿ. ದೊಡ್ಡ ಬಿಟ್‌ನ ನಟ್ಟನಡುವಿನ ಭಾಗ ಕತ್ತರಿಸುವುದಿಲ್ಲ, ತಳ್ಳುತ್ತದೆ. ಆ ಭಾಗಕ್ಕೆ ಜಾಗ ಮಾಡಿಕೊಟ್ಟರೆ ಸಾಕು, 8 ಮಿ.ಮೀ. ಹಾಕಿಟ್ಟರೆ ಬಿಟ್ ಕುಣಿಯುತ್ತದೆ. ಎರಡೂ ಕಡೆಯಿಂದ ಒಂದೇ ಥರದ ಸುರುಳಿ ಬರುತ್ತಿದ್ದರೆ ಬಿಟ್ ಸರಿಯಾಗಿದೆ. ಒಂದೇ ಕಡೆಯಿಂದ ಬಂದರೆ ಸಾಣೆ ಹಿಡಿದಿದ್ದು ಸೊಟ್ಟ, ತೂತು ಅಳತೆಗಿಂತ ದೊಡ್ಡದಾಗುತ್ತದೆ. ಸಾಣೆಯ ಕೋನ ನೋಡಲು ಒಂದೇ ಅಳತೆಯ ಎರಡು ನಟ್‌ಗಳನ್ನು ಚಪ್ಪಟೆ ಮುಖ ತಾಗುವಂತೆ ಪಕ್ಕಪಕ್ಕ ಇಡಿ. ನಡುವೆ ಉಳಿಯುವ ಸಂದು 120 ಡಿಗ್ರಿ, ಬಿಟ್‌ನ ಮೊನೆ 118. ಕಣ್ಣಳತೆಗೆ ಅದು ಸಾಕು.

ಬಿಟ್ ಆಚೆಗೆ ತೂರುವ ಕ್ಷಣದಲ್ಲೇ ಅಪಘಾತ ಆಗುವುದು. ತುಂಡನ್ನು ಕೈಯಲ್ಲಿ ಹಿಡಿದಿದ್ದರೆ ಅದು ಬಿಟ್ ಜೊತೆ ತಿರುಗಿ ಬೆರಳು ಕೊಯ್ಯುತ್ತದೆ. ವೈಸಿಗೆ ಹಾಕಿ, ಇಲ್ಲವೇ ಕ್ಲಾಂಪ್ ಮಾಡಿ, ಕೊನೆಯಲ್ಲಿ ಒತ್ತು ಸಡಿಲಿಸಿ. ಡ್ರಿಲ್ ಮುಂದೆ ಕೈಗವಸು, ಜೋತಾಡುವ ಟವೆಲು ಬೇಡ. ಕನ್ನಡಕ ಬೇಕು.

ಕಟಿಂಗ್ ಆಯಿಲ್ ಇಲ್ಲದಿದ್ದರೆ ತೆಂಗಿನೆಣ್ಣೆ ಚೆನ್ನಾಗಿಯೇ ನಡೆಯುತ್ತದೆ, ತಿಪಟೂರು ಕೊಬ್ಬರಿಯದೇ ಆಗಬೇಕೆಂದಿಲ್ಲ. ಡಿಸೆಂಬರ್ ಬೆಳಗ್ಗೆ ಹೆಪ್ಪುಗಟ್ಟಿರುತ್ತದೆ, ಬಿಸಿಲಿಗಿಡಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಎರಕದ ಕಬ್ಬಿಣಕ್ಕೆ ಏನೂ ಬೇಡ.

ಟ್ಯಾಪ್ ಹಾಕುವುದಾದರೆ, ಅಂದರೆ ತೂತಿನ ಒಳಗೆ ಬೋಲ್ಟ್ ಕೂರುವ ಮರೆ (ತಿರುಪಿನ ಸುರುಳಿ) ಕೊರೆಯುವುದಾದರೆ, ತೂತಿನ ಅಳತೆ ಬಾಯಿಪಾಠ ಇರಲಿ: ಎಂ5ಕ್ಕೆ (5 ಮಿ.ಮೀ. ಬೋಲ್ಟಿಗೆ) 4.2, ಎಂ6ಕ್ಕೆ 5, ಎಂ8ಕ್ಕೆ 6.8, ಎಂ10ಕ್ಕೆ 8.5 ಮಿ.ಮೀ. 6.8 ಸಿಗದಿದ್ದರೆ 7 ಹಾಕಿ, ಮರೆ ಸ್ವಲ್ಪ ಕಡಿಮೆ ಆಳವಾದರೂ ಎಂಎಸ್‌ನಲ್ಲಿ ಹಿಡಿಯುತ್ತದೆ. 6.5 ಹಾಕಿದರೆ ಟ್ಯಾಪ್ ಮುರಿಯುವುದು ಬಹುತೇಕ ಖಚಿತ, ಮತ್ತು ಒಳಗೆ ಮುರಿದ ಟ್ಯಾಪನ್ನು ಮನೆಯ ಯಾವ ಬಿಟ್ಟೂ ಕೊರೆಯಲಾರದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ ಬಿಡುತ್ತಾ ಹೋಗಿ.

ಗ್ರೈಂಡರ್ ಬಂದ ಮೇಲೆ

4 ಇಂಚಿನದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಚಕ್ರದ ಮೇಲೆ ಬರೆದ ಗರಿಷ್ಠ ವೇಗ ಅದಕ್ಕಿಂತ ಹೆಚ್ಚಿರಲೇಬೇಕು. 14 ಇಂಚಿನ ಕಟಿಂಗ್ ಮೆಷಿನ್ನಿನ ಸವೆದ ಚಕ್ರವನ್ನು ಗಾರ್ಡ್ ತೆಗೆದು ಇದಕ್ಕೆ ಹಾಕುವವರಿದ್ದಾರೆ. ಆ ಚಕ್ರ ಮಾಡಿರುವುದು ಇದರ ಅರ್ಧದಷ್ಟು ವೇಗಕ್ಕೂ ಅಲ್ಲ, ಸಿಡಿಯುತ್ತದೆ. ಮರ ಕೊಯ್ಯುವ ಹಲ್ಲಿನ ಚಕ್ರವಂತೂ ಬೇಡವೇ ಬೇಡ. ನಡುವಿನ ಲೋಹದ ಬಳೆಯ ಮೇಲೆ ಅವಧಿಯ ತಿಂಗಳು, ವರ್ಷ ಒತ್ತಿರುತ್ತಾರೆ, ನೋಡಿ ಕೊಳ್ಳಿ. 1 ಮಿ.ಮೀ. ಚಕ್ರ ಕೊಯ್ಯಲು ಮಾತ್ರ, ಅದರ ಪಕ್ಕದಲ್ಲಿ ಉಜ್ಜಬಾರದು. ಕಿಡಿ ಹಾರುವ ದಿಕ್ಕಿನಲ್ಲಿ ಒಣಹುಲ್ಲು, ಪೆಟ್ರೋಲ್ ಕ್ಯಾನು, ಬೈಕು ಇರಬಾರದು. ರಾಗಿ ಹುಲ್ಲಿನ ಬಣವೆ ಪಕ್ಕದ ಷೆಡ್‌ಗಳಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಗುಜರಿಯಿಂದ ಕಬ್ಬಿಣ ತರುವವರು ಹಳೆಯ ಷಾಕ್ ಅಬ್ಸಾರ್ಬರ್, ಮುಚ್ಚಿದ ಸಿಲಿಂಡರ್, ಪೆಟ್ರೋಲ್ ಇದ್ದ ಡ್ರಮ್ ಕೊಯ್ಯಬೇಡಿ. ಬಿಳಿ ಸತುವಿನ ಲೇಪವಿರುವ ಜಿಐ ಪೈಪ್ ವೆಲ್ಡ್ ಮಾಡುವಾಗ ಏಳುವ ಹೊಗೆಯಿಂದ ಚಳಿಜ್ವರ ಬರುತ್ತದೆ. ಲೇಪ ಉಜ್ಜಿ ತೆಗೆದು ಬಯಲಿನಲ್ಲಿ ಮಾಡಿ. ಷೆಡ್‌ನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇರಲಿ. ಗ್ರೈಂಡರ್, ಡ್ರಿಲ್ಲಿಗೆ 1.5 ಚ.ಮಿ.ಮೀ. ವೈರಿನ ಎಕ್ಸ್‌ಟೆನ್ಷನ್, ವೆಲ್ಡಿಂಗ್‌ಗೆ 2.5ಕ್ಕಿಂತ ತೆಳು ಬೇಡ.

ಕೈಪಳಗಲು ಒಂದು ಕೆಲಸ: ಮೋಟರ್ ಪಟ್ಟಿ

ಮೇವಿನ ಯಂತ್ರದ ಬೆಲ್ಟ್ ಬಿಗಿ ಮಾಡಲು ಮೋಟರ್ ಹಿಂದೆ ಮುಂದೆ ಸರಿಯಬೇಕು, ಅದಕ್ಕೆ ಉದ್ದ ತೂತಿನ ಎರಡು ಪಟ್ಟಿ ಬೇಕು. 50×6 ಎಂಎಸ್ ಫ್ಲ್ಯಾಟ್ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ತನ್ನಿ. ಮೀಟರಿಗೆ 2.36 ಕೆ.ಜಿ. ತೂಗುತ್ತದೆ. 250 ಮಿ.ಮೀ.ನ ಎರಡು ತುಂಡು ಕೊಯ್ದು, ಎರಡನ್ನೂ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ತೂತು ಹಾಕಿದರೆ ಸಾಲು ತಪ್ಪುವುದಿಲ್ಲ.

ಬೋಲ್ಟ್ ಎಂ8 ಆದರೆ 9 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ತೂತು ಮಾಡಿ. ಅಂಚಿನಿಂದ 25 ಮಿ.ಮೀ.ಗೆ ನಡುಗೆರೆ ಎಳೆದು, 31 ಮಿ.ಮೀ. ಅಂತರದಲ್ಲಿ ಎರಡು ಪಂಚ್ ಗುರುತು, ಅವುಗಳ ನಡುವೆ ಮೊದಲಿನದರಿಂದ 10.5 ಮತ್ತು 20.5 ಮಿ.ಮೀ.ಗೆ ಇನ್ನೆರಡು. ನಾಲ್ಕಕ್ಕೂ 3.5ರ ತೂತು ಹಾಕಿ, ಕೊನೆಯ ಎರಡಕ್ಕೆ 9 ಮಿ.ಮೀ., ನಡುವಿನ ಎರಡಕ್ಕೆ 8 ಮಿ.ಮೀ. ಬಿಟ್ ಇಳಿಸಿ. ನಡುವೆ ಎರಡೆರಡು ಮಿಲಿಮೀಟರಿನ ಗೋಡೆ ಉಳಿಯುತ್ತದೆ. ಕ್ಲಾಂಪ್ ಬಿಚ್ಚಿ, ಪಟ್ಟಿಗಳನ್ನು ಒಂದೊಂದಾಗಿ ವೈಸಿಗೆ ಹಾಕಿ ದುಂಡು ಅರದಿಂದ ಆ ಗೋಡೆಗಳನ್ನು ತೆಗೆಯಿರಿ. ಆಮೇಲೆ 6 ಇಂಚಿನ ಚಪ್ಪಟೆ ಅರವನ್ನು ಒಳಗೆ ಮಲಗಿಸಿ ಎರಡೂ ಬದಿ ಗೆರೆಯವರೆಗೆ ನೇರ ಮಾಡಿ. ಬೋಲ್ಟನ್ನು ತೂರಿಸಿ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಮಾತ್ರ ಮತ್ತೆ ಎರಡು ಎಳೆತ ಕೊಡಿ. ಅಂಚಿನ ಮುಳ್ಳುಗಳನ್ನು ತೆಗೆದು ರೆಡ್ ಆಕ್ಸೈಡ್ ಬಳಿಯಿರಿ.

ಕೂರಿಸುವಾಗ ಉದ್ದ ತೂತಿನ ಮೇಲೆ ಅಗಲವಾದ ವಾಷರ್ ಹಾಕಬೇಕು, ಇಲ್ಲದಿದ್ದರೆ ಬೋಲ್ಟಿನ ತಲೆ ಅಂಚಿಗೆ ಕಚ್ಚಿ ಮೋಟರ್ ನಡುಕಕ್ಕೆ ಸಡಿಲವಾಗುತ್ತದೆ. ಪುಲ್ಲಿಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ, ಕರೆಂಟ್ ತೆಗೆದು, ಬೆಲ್ಟಿನ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿ. 8 ಮಿ.ಮೀ. ಆಸುಪಾಸು ತಗ್ಗಿದರೆ ಬೋಲ್ಟ್ ಬಿಗಿಯಬಹುದು.