ಫೋಟೋ ಜೊತೆಗೆ ಒಂದು ಪ್ರಶ್ನೆಯನ್ನೂ ಹಾಕಿ

ಗೆಳೆಯರೇ, ಮಳೆಗಾಲ ಶುರುವಾದರೆ ನಮ್ಮ ಫೋಟೋಗ್ರಫಿ ಗುಂಪಿಗೆ ಜೋಗ, ಕೊಡಚಾದ್ರಿ, ಕುಂದಾದ್ರಿ ಫೋಟೋಗಳು ಸಾಲು ಸಾಲಾಗಿ ಬರುತ್ತವೆ. ಎಲ್ಲದಕ್ಕೂ 'ಸೂಪರ್' ಅಂತ ಉತ್ತರ. ಖುಷಿಯಾಗುತ್ತದೆ ನಿಜ, ಆದರೆ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ ಅಲ್ವಾ?

ಸುಮ್ನೆ 'ಹೇಗಿದೆ?' ಅನ್ನುವ ಬದಲು, ನಿಮಗೆ ಅನುಮಾನ ಇರುವ ಜಾಗವನ್ನೇ ಕೇಳಿ. ಜೋಗದ ಫೋಟೋ ಅಂದುಕೊಳ್ಳಿ. ರಾಜಾ ಧಾರೆ ಬರೀ ಬಿಳಿ ಪಟ್ಟಿಯ ಹಾಗೆ ಕಾಣುತ್ತಿದೆ, ನೀರಿನ ಎಳೆಗಳೇ ಇಲ್ಲ. 'ಶಟರ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಸಮಯ) 1 ಸೆಕೆಂಡ್ ಇಟ್ಟಿದ್ದೆ, ಜಾಸ್ತಿ ಆಯಿತಾ?' ಅಂತ ಬರೆಯಿರಿ. ಒಬ್ಬರು 1/4 ಸೆಕೆಂಡಿಗೆ ಇಳಿಸಿ ನೋಡಿ ಅನ್ನುತ್ತಾರೆ. ಇನ್ನೊಬ್ಬರು ಬಿಳಿ ಭಾಗ ಸುಟ್ಟಿದೆ (ಬೆಳಕು ಹೆಚ್ಚಾಗಿ ವಿವರ ಅಳಿಸಿಹೋಗಿದೆ), ಬೆಳಕು ಕಡಿಮೆ ಮಾಡಿ ಅನ್ನುತ್ತಾರೆ. ಅಲ್ಲಿಂದ ಒಳ್ಳೆಯ ಚರ್ಚೆ ಶುರುವಾಗುತ್ತದೆ. ಮಂಜಿನ ಫೋಟೋ ಆದರೆ ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕು) ಎಷ್ಟು ಏರಿಸಿದ್ದಿರಿ ಅಂತ ಬರೆಯುವುದು ಮುಖ್ಯ. ಕ್ಯಾಮೆರಾ ತನ್ನಷ್ಟಕ್ಕೆ ಬಿಟ್ಟರೆ ಬಿಳಿ ಮಂಜನ್ನು ಬೂದು ಮಾಡಿಬಿಡುತ್ತದೆ.

ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೋಟೋ ಕುಗ್ಗಿ, ದೂರದ ಕಾಡಿನ ಎಲೆಗಳೆಲ್ಲ ಕಲಸಿಹೋಗುತ್ತವೆ. ಆದರೆ ಹಾಗೆ ಕಳಿಸಿದರೆ ಫೋಟೋದಲ್ಲಿರುವ ಲೊಕೇಶನ್ ಕೂಡ ಜೊತೆಗೇ ಹೋಗುತ್ತದೆ. ಯಾರದೋ ತೋಟದೊಳಗಿನ ಅಬ್ಬಿಯ (ಜಲಪಾತದ) ಫೋಟೋ ಆಗಿದ್ದರೆ ದಯವಿಟ್ಟು ಲೊಕೇಶನ್ ಅಳಿಸಿ ಕಳಿಸಿ.

ಅಭಿಪ್ರಾಯ ಹೇಳುವವರಿಗೂ ಒಂದು ಮಾತು. 'ಕಂಪೋಸಿಷನ್ (ಚೌಕಟ್ಟಿನೊಳಗಿನ ಜೋಡಣೆ) ಸರಿಯಿಲ್ಲ' ಅಂದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. 'ಎಡಗಡೆ ಮೂಲೆಯ ಕರೆಂಟ್ ಕಂಬ ಕಣ್ಣು ಎಳೆಯುತ್ತಿದೆ, ಅದನ್ನು ಬಿಟ್ಟು ಕ್ರಾಪ್ ಮಾಡಿ ನೋಡಿ' ಅಂತ ಬಿಡಿಸಿ ಹೇಳಿ.